ರ‍್ಯಾಮ್ ಕೊಳ್ಳುವ ಮೊದಲು ಟಾಸ್ಕ್ ಮ್ಯಾನೇಜರ್ ನೋಡಿ

ಮನೆಯ ಕಂಪ್ಯೂಟರ್ ತೆವಳುತ್ತಿದೆ ಎಂದು ಅಂಗಡಿಗೆ ಹೋದರೆ ಮೊದಲು ಕೇಳಿಬರುವ ಮಾತು ‘ರ‍್ಯಾಮ್ ಹಾಕಿಸಿಬಿಡಿ’. ರ‍್ಯಾಮ್ ಎಂದರೆ ತೆರೆದಿಟ್ಟ ತಂತ್ರಾಂಶಗಳ ಮಾಹಿತಿಯನ್ನು ಕಂಪ್ಯೂಟರ್ ತಾತ್ಕಾಲಿಕವಾಗಿ ಇರಿಸಿಕೊಳ್ಳುವ ಮೆಮೊರಿ. ಸಲಹೆ ಸುಳ್ಳೇನಲ್ಲ, ಆದರೆ ನಾಡಿ ಹಿಡಿಯದೆ ಕೊಟ್ಟ ಔಷಧ.

ಪರೀಕ್ಷೆಯನ್ನು ನೀವೇ ಮಾಡಬಹುದು. ದಿನವೂ ಬಳಸುವ ತಂತ್ರಾಂಶಗಳನ್ನೆಲ್ಲ, ಬ್ರೌಸರ್‌ನ ಹತ್ತಾರು ಟ್ಯಾಬ್‌ಗಳ ಸಮೇತ, ತೆರೆದಿಟ್ಟು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ. ಕಂಪ್ಯೂಟರ್‌ನ ಯಾವ ಭಾಗ ಎಷ್ಟು ಬಳಕೆಯಲ್ಲಿದೆ ಎಂದು ತೋರಿಸುವ, ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ‘ಪರ್ಫಾರ್ಮೆನ್ಸ್’ ವಿಭಾಗದಲ್ಲಿ ಮೆಮೊರಿ ಬಳಕೆ ಶೇ 90ರ ಆಸುಪಾಸಿನಲ್ಲೇ ನಿಂತಿದ್ದರೆ ರ‍್ಯಾಮ್ ಸಾಲುತ್ತಿಲ್ಲ ಎಂದರ್ಥ. ಜಾಗ ಸಾಲದಾದಾಗ ವಿಂಡೋಸ್ ಒಂದಷ್ಟು ಮಾಹಿತಿಯನ್ನು ಡಿಸ್ಕ್‌ಗೆ ಸಾಗಿಸಿ, ಬೇಕಾದಾಗ ಮತ್ತೆ ಹೊತ್ತು ತರುತ್ತದೆ. ಒಂದು ಟ್ಯಾಬ್‌ನಿಂದ ಇನ್ನೊಂದಕ್ಕೆ ಹೋಗುವಾಗ ಹಾರ್ಡ್ ಡಿಸ್ಕ್ ಕರಕರ ಎನ್ನುವುದು ಅದಕ್ಕೇ. ಮೆಮೊರಿ ಅರ್ಧ ಖಾಲಿಯಿದ್ದು ಡಿಸ್ಕ್ ಮಾತ್ರ ಶೇ 100 ಎಂದು ತೋರಿಸುತ್ತಿದ್ದರೆ ರ‍್ಯಾಮ್‌ಗೆ ಹಣ ಸುರಿಯಬೇಡಿ. ಹಾರ್ಡ್ ಡಿಸ್ಕ್ ತೆಗೆಸಿ, ಅದಕ್ಕಿಂತ ವೇಗವಾಗಿ ಮಾಹಿತಿ ಓದಿ ಬರೆಯುವ ಎಸ್‌ಎಸ್‌ಡಿ ಹಾಕಿಸಿ.

ರ‍್ಯಾಮ್ ಬೇಕೇ ಬೇಕು ಎಂದಾದರೆ, ಅದನ್ನು ಕೂರಿಸುವ ಸ್ಲಾಟ್‌ಗಳು ಎಷ್ಟಿವೆ, ಎಷ್ಟು ಭರ್ತಿಯಾಗಿವೆ ಎಂಬುದೂ ಅದೇ ಪುಟದಲ್ಲಿ ಸಿಗುತ್ತದೆ. ಯಾವ ಪೀಳಿಗೆಯದು ಎಂದು ತಿಳಿಯಲು ಈಗಿರುವ ರ‍್ಯಾಮ್‌ನ ಚೀಟಿ ಓದಿ: ‘ಪಿಸಿ3’ ಎಂದಿದ್ದರೆ ಡಿಡಿಆರ್3, ‘ಪಿಸಿ4’ ಎಂದಿದ್ದರೆ ಡಿಡಿಆರ್4. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಡೆಸ್ಕ್‌ಟಾಪ್‌ನ ಡಿಡಿಆರ್4 ಮತ್ತು ಡಿಡಿಆರ್5 ಎರಡಕ್ಕೂ 288 ಪಿನ್‌ಗಳೇ ಇದ್ದರೂ ಕೆಳಗಿನ ಕಚ್ಚಿನ ಸ್ಥಾನ ಬೇರೆ. ಲ್ಯಾಪ್‌ಟಾಪ್‌ನ ರ‍್ಯಾಮ್ ಗಾತ್ರದಲ್ಲೇ ಚಿಕ್ಕದು. ತೆಳು ಲ್ಯಾಪ್‌ಟಾಪ್‌ಗಳು ಹಲವಲ್ಲಿ ಅದನ್ನು ಬೋರ್ಡ್‌ಗೇ ಬೆಸೆದಿರುತ್ತಾರೆ. ಅದನ್ನು ಬದಲಿಸಲಾಗದು, ಅಲ್ಲಿಗೆ ಕಥೆ ಮುಗಿಯಿತು.

4 ಜಿಬಿ ಇದ್ದವರು 8ಕ್ಕೆ ಏರಿಸಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ವಿಡಿಯೊ ಸಂಕಲನ ಮಾಡುವವರಿಗೆ 16 ಇರಲಿ. ಆದರೆ 32 ಬಿಟ್‌ನ ವಿಂಡೋಸ್ ಇದ್ದರೆ 4 ಜಿಬಿಗಿಂತ ಹೆಚ್ಚಿನದು ವ್ಯರ್ಥ. ಮೊದಲು 64 ಬಿಟ್‌ನ ವಿಂಡೋಸ್‌ಗೆ ಬದಲಾಯಿಸಿಕೊಳ್ಳಿ. ಮದರ್‌ಬೋರ್ಡ್ ಗರಿಷ್ಠ ಎಷ್ಟು ತಾಳುತ್ತದೆ ಎಂಬುದನ್ನು ತಯಾರಕರ ಜಾಲತಾಣದಲ್ಲಿ ನೋಡಿಕೊಂಡೇ ಕೊಳ್ಳಿ. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಗೆ ಹಳೆಯ ರ‍್ಯಾಮ್ ಹಿಡಿದುಕೊಂಡೇ ಹೋಗುವುದು ಜಾಣತನ. ಬಾಯಿ ಮಾತಿನ ವಿವರಕ್ಕಿಂತ ಆ ಚೀಟಿಯೇ ಹೆಚ್ಚು ನಂಬಿಕಸ್ಥ. ಬೇರೆ ಬೇರೆ ವೇಗದ ಎರಡನ್ನು ಜೋಡಿಸಿದರೆ ಎರಡೂ ನಿಧಾನದ್ದರ ವೇಗಕ್ಕೇ ಇಳಿಯುತ್ತವೆ.

ಇನ್ನು ಜೋಡಣೆ. ಡೆಸ್ಕ್‌ಟಾಪ್ ಆಫ್ ಮಾಡಿ, ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ವಿದ್ಯುತ್ ಹರಿದು ಹೋಗುತ್ತದೆ. ಕ್ಯಾಬಿನೆಟ್ ತೆರೆದ ಮೇಲೆ ಅದರ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ. ಮೈಯ ಸ್ಥಾಯೀ ವಿದ್ಯುತ್ ಒಳಗಿನ ಚಿಪ್‌ಗಳನ್ನು ಸುಡಬಲ್ಲದು. ಸ್ಲಾಟ್‌ನ ತುದಿಯ ಕ್ಲಿಪ್‌ಗಳನ್ನು ಹೊರಕ್ಕೆ ಬಗ್ಗಿಸಿ, ರ‍್ಯಾಮ್‌ನ ಅಂಚುಗಳನ್ನಷ್ಟೇ ಹಿಡಿದು, ಕಚ್ಚನ್ನು ಸ್ಲಾಟ್‌ನ ಉಬ್ಬಿಗೆ ಸರಿಯಾಗಿ ಹೊಂದಿಸಿ. ಎರಡೂ ಹೆಬ್ಬೆರಳಿನಿಂದ ಎರಡು ತುದಿಗಳನ್ನು ಸಮನಾಗಿ ಒತ್ತಿ. ಇಲ್ಲಿ ಸ್ವಲ್ಪ ಬಲ ಬೇಕು, ಹೊಸಬರು ಹೆದರಿ ಅರ್ಧಕ್ಕೇ ಬಿಡುವುದು ಇಲ್ಲೇ. ‘ಟಕ್’ ಎಂದು ಕ್ಲಿಪ್ ತಾನಾಗಿ ಕಚ್ಚಿಕೊಂಡರೆ ಕೂತಿದೆ ಎಂದರ್ಥ. ಲ್ಯಾಪ್‌ಟಾಪ್‌ನಲ್ಲಾದರೆ ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಿ, ರ‍್ಯಾಮನ್ನು ಓರೆಯಾಗಿ ಒಳತೂರಿಸಿ ಕೆಳಕ್ಕೆ ಅದುಮಬೇಕು.

ಚಾಲೂ ಮಾಡಿದಾಗ ಪರದೆ ಕಪ್ಪಾಗಿದ್ದರೆ ಗಾಬರಿ ಬೇಡ. ಡಿಡಿಆರ್5 ಇರುವ ಯಂತ್ರಗಳು ಮೊದಲ ಸಲ ಕೆಲವು ನಿಮಿಷ ತೆಗೆದುಕೊಳ್ಳುವುದುಂಟು. ಬೀಪ್ ಸದ್ದು ಬರುತ್ತಲೇ ಇದ್ದರೆ ಮತ್ತೆ ಪ್ಲಗ್ ಕಿತ್ತು, ರ‍್ಯಾಮ್ ತೆಗೆದು ಮರಳಿ ಕೂರಿಸಿ. ಎಲ್ಲ ಸರಿಯಾದ ಮೇಲೆ ‘ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್’ ಒಮ್ಮೆ ಓಡಿಸಿ. ದೋಷ ತೋರಿಸಿದರೆ ಬಿಲ್ ಹಿಡಿದು ಅಂಗಡಿಗೆ ಹೋಗಿ ಬದಲಿಸಿಕೊಳ್ಳಿ. ರ‍್ಯಾಮ್ ಮೇಲಿನ ಚೀಟಿಯನ್ನು ಮಾತ್ರ ಕೀಳಬೇಡಿ, ಅದು ಹರಿದರೆ ವಾರಂಟಿ ಕೊಡಲು ಅಂಗಡಿಯವರು ತಕರಾರು ತೆಗೆಯುತ್ತಾರೆ.