ಹನ್ನೆರಡೋ, ಹದಿನೈದೋ? ಬಾಹ್ಯಾಕಾಶ ನಿಲ್ದಾಣಗಳ ಪಟ್ಟಿ ಮಾಡುವ ಬಗೆ

ಈವರೆಗೆ ಎಷ್ಟು ಬಾಹ್ಯಾಕಾಶ ನಿಲ್ದಾಣಗಳು ಹಾರಿವೆ? ಮನುಷ್ಯರು ಒಳಹೊಕ್ಕು ಕೆಲಸ ಮಾಡಿದವನ್ನಷ್ಟೇ ಎಣಿಸಿದರೆ 12. ಹಾರಿಸಿಯೂ ಯಾರೂ ಕಾಲಿಡಲಾಗದೆ ಹೋದ ಮೂರನ್ನು ಸೇರಿಸಿದರೆ 15. ಗಾಳಿ ತುಂಬಿ ಉಬ್ಬಿಸುವ ಎರಡು ಪ್ರಯೋಗ ಮಾದರಿಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ 17. ಮೂರೂ ಸರಿಯುತ್ತರವೇ. ಮೈಸೂರಿನ ಕೋಚಿಂಗ್ ತರಗತಿಯಲ್ಲಿ ಕೆಎಎಸ್‌ಗೆ ಓದುವವರಿಗೆ ಗೈಡಿಂದ ಗೈಡಿಗೆ ಸಂಖ್ಯೆ ಬದಲಾಗಿ ಕಾಣುವುದು ಇದರಿಂದಲೇ. ಯಾವ ಲೆಕ್ಕ ಹಿಡಿದಿದ್ದೇವೆ ಎಂದು ಪಟ್ಟಿಯ ತಲೆಯಲ್ಲೇ ಬರೆದಿದ್ದರೆ ಜಗಳವೇ ಇರುತ್ತಿರಲಿಲ್ಲ.

ಶಾಲೆಯ ವಿಜ್ಞಾನ ಮೇಳದ ಚಾರ್ಟ್ ಇರಲಿ, ಪರೀಕ್ಷೆಯ ಟಿಪ್ಪಣಿ ಇರಲಿ, ವರ್ಷಗಟ್ಟಲೆ ಕೈಗೆ ಬರುವ ಪಟ್ಟಿ ಬೇಕಿದ್ದರೆ ಹೀಗೆ ಮಾಡಿ.

ಮೊದಲು ಗೆರೆ, ಆಮೇಲೆ ಹೆಸರು

ಹೆಸರು ಕೂಡಿಹಾಕುವ ಮೊದಲು ಯಾವುದು ಒಳಗೆ, ಯಾವುದು ಹೊರಗೆ ಎಂದು ಎರಡು ಸಾಲಿನಲ್ಲಿ ಬರೆಯಿರಿ. ಕೆಲಸಕ್ಕೆ ಬರುವ ಗೆರೆ ಇಷ್ಟು: ಕಕ್ಷೆಯಲ್ಲೇ ಉಳಿಯಲೆಂದು ಕಟ್ಟಿದ್ದು, ಭೂಮಿಗೆ ವಾಪಸಾಗುವ ನೌಕೆ ಅಲ್ಲದ್ದು, ಒಳಗೆ ಜನ ಇರಲೆಂದು ಮಾಡಿದ್ದು. ಇದರಂತೆ ಸ್ಪೇಸ್‌ಲ್ಯಾಬ್ ಹೊರಗೆ ಉಳಿಯುತ್ತದೆ. ಅದು ಅಮೆರಿಕದ ಮರುಬಳಕೆಯ ನೌಕೆ ಷಟಲ್‌ನ ಹೊಟ್ಟೆಯಲ್ಲೇ ಹೋಗಿ ಅಲ್ಲೇ ವಾಪಸಾಗುತ್ತಿದ್ದ ಪ್ರಯೋಗಾಲಯ. ಹೆಸರು ಹತ್ತಿರ ಇರುವುದರಿಂದ ಅಮೆರಿಕದ ನಿಲ್ದಾಣ ಸ್ಕೈಲ್ಯಾಬ್ ಜತೆ ಕಲಸಿಹೋಗುವುದೇ ಹೆಚ್ಚು. ಬಿಗೆಲೊ ಕಂಪನಿಯ ಜೆನೆಸಿಸ್-1 (2006) ಮತ್ತು ಜೆನೆಸಿಸ್-2 (2007) ಜನರಿಲ್ಲದ ಮಾದರಿಗಳು. ಅವನ್ನು ಕೆಳಗೆ ಬೇರೆ ಗುಂಪಿನಲ್ಲಿಡಿ.

12ರ ಮುಖ್ಯ ಗುಂಪು: ಸಲ್ಯೂತ್-1, ಸ್ಕೈಲ್ಯಾಬ್, ಸಲ್ಯೂತ್-3, 4, 5, 6, 7, ಮಿರ್, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ (ಐಎಸ್‌ಎಸ್), ಟಿಯಾಂಗಾಂಗ್-1, ಟಿಯಾಂಗಾಂಗ್-2, ಮತ್ತು ಅಂಕಿಯಿಲ್ಲದ ಈಗಿನ ಟಿಯಾಂಗಾಂಗ್. ಚೀನಾದ ಕೊನೆಯೆರಡನ್ನು ಒಂದೇ ಸಾಲಿಗೆ ತುರುಕುವವರಿದ್ದಾರೆ. ಟಿಯಾಂಗಾಂಗ್-2 ಕಕ್ಷೆಯಿಂದ ಇಳಿದದ್ದು 2019ರ ಜುಲೈನಲ್ಲಿ. ಈಗಿನ ನಿಲ್ದಾಣದ ಮೂಲ ಘಟಕ ಟಿಯಾನ್‌ಹೆ ಹಾರಿದ್ದು 2021ರ ಏಪ್ರಿಲ್ 29ರಂದು. ಒಂದಕ್ಕೊಂದು ನಂಟು ಹೆಸರಲ್ಲಿ ಮಾತ್ರ.

ಸಲ್ಯೂತ್ ಎಂಬ ಗೋಜಲು

ಪಟ್ಟಿ ಮಾಡುವವರು ಎಡವುವುದು ಸೋವಿಯತ್ ಭಾಗದಲ್ಲಿ. ಸಲ್ಯೂತ್ ಎಂಬ ಒಂದೇ ಬೋರ್ಡಿನ ಹಿಂದೆ ಎರಡು ಬೇರೆ ಬೇರೆ ಯೋಜನೆಗಳಿದ್ದವು. ಒಂದು ಡಾಸ್ ಎಂಬ ನಾಗರಿಕ ಸಾಲು. ಇನ್ನೊಂದು ಅಲ್ಮಾಜ್ ಎಂಬ ಮಿಲಿಟರಿ ಬೇಹುಗಾರಿಕೆ ನಿಲ್ದಾಣ. ಮಿಲಿಟರಿ ಗುಟ್ಟು ಹೊರಬೀಳದಿರಲೆಂದು ಅದಕ್ಕೂ ಸಲ್ಯೂತ್ ಹೆಸರನ್ನೇ ಅಂಟಿಸಿದರು. ಸಲ್ಯೂತ್-2, 3, 5 ಅಲ್ಮಾಜ್. 1, 4, 6, 7 ಡಾಸ್.

ಹಾಗಾಗಿ ‘ಕರೆದ ಹೆಸರು’ ಮತ್ತು ‘ಕಟ್ಟಿದ ಹೆಸರು’ ಎಂದು ಎರಡು ಕಾಲಂ ಬೇಕೇಬೇಕು. ಎರಡನೆಯದನ್ನು ತುಂಬುತ್ತ ಹೋದರೆ ಕಳೆದುಹೋದ ಸಾಲುಗಳು ತಾವಾಗಿಯೇ ಎದ್ದು ಬರುತ್ತವೆ. ಡಾಸ್-1 ಎಂದರೆ ಸಲ್ಯೂತ್-1. ಡಾಸ್-4 ಎಂದರೆ ಸಲ್ಯೂತ್-4. ಹಾಗಾದರೆ 2 ಮತ್ತು 3 ಎಲ್ಲಿ? ಡಾಸ್-2 1972ರ ಜುಲೈ 29ರಂದು ರಾಕೆಟ್ ಕೈಕೊಟ್ಟು ಕಕ್ಷೆಯನ್ನೇ ಸೇರಲಿಲ್ಲ, ಅದಕ್ಕೆ ಹೆಸರನ್ನೂ ಇಡಲಿಲ್ಲ. ಡಾಸ್-3 1973ರ ಮೇ 11ರಂದು ಕಕ್ಷೆ ಸೇರಿತಾದರೂ ನಿಯಂತ್ರಣ ತಪ್ಪಿ, ದಿಕ್ಕು ತಿದ್ದುವ ಇಂಧನವನ್ನೆಲ್ಲ ಸುಟ್ಟುಕೊಂಡಿತು. ಸೋಲು ಕಾಣಬಾರದೆಂದು ಅದನ್ನು ‘ಕಾಸ್ಮೋಸ್-557’ ಎಂಬ ಸಾಮಾನ್ಯ ಉಪಗ್ರಹದ ಹೆಸರಿನಲ್ಲಿ ಬಚ್ಚಿಟ್ಟರು. ಸಲ್ಯೂತ್-2ರದ್ದು ಇನ್ನೊಂದು ಕತೆ: 1973ರ ಏಪ್ರಿಲ್ 3ರಂದು ಹಾರಿ, ಎರಡು ವಾರದೊಳಗೆ ಗಾಳಿ ಸೋರಿ ನಿರುಪಯುಕ್ತವಾಯಿತು. ಆ ಹೆಚ್ಚುವರಿ ಮೂರು ಇವೇ.

ಇದೇ ಕಾಲಂ ಇನ್ನೊಂದು ಸೋಜಿಗವನ್ನೂ ತೋರಿಸುತ್ತದೆ. ಡಾಸ್-7 ಎಂದರೆ ಮಿರ್‌ನ ಮೂಲ ಘಟಕ. ಡಾಸ್-8? ಮಿರ್-2ಕ್ಕೆಂದು ಕಟ್ಟಿಟ್ಟಿದ್ದ ಅದೇ ಒಡಲು ಜ್ವೆಜ್ದಾ ಎಂಬ ಹೆಸರಲ್ಲಿ 2000ನೇ ಇಸವಿಯ ಜುಲೈನಲ್ಲಿ ಹಾರಿ, ಇವತ್ತು ಐಎಸ್‌ಎಸ್‌ನ ಭಾಗವಾಗಿದೆ. 1971ರ ಸಲ್ಯೂತ್‌ನ ವಂಶ ಇನ್ನೂ ತಲೆಯ ಮೇಲೆ ಸುತ್ತುತ್ತಿದೆ.

ಪ್ರತಿ ಸಾಲಿಗೆ ಒಂದು ನಂಬರು

ಹೆಸರನ್ನೇ ಗುರುತಾಗಿ ನೆಚ್ಚಬೇಡಿ. ಹಳೆಯ ಕನ್ನಡ ಪತ್ರಿಕೆಗಳಲ್ಲಿ ಸಲ್ಯೂಟ್, ಸಾಲ್ಯುಟ್, ಸಲ್ಯೂತ್ ಎಲ್ಲವೂ ಸಿಗುತ್ತವೆ. ಕಕ್ಷೆ ಸೇರಿದ ಪ್ರತಿ ವಸ್ತುವಿಗೂ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ ಇದೆ: ವರ್ಷ, ಆ ವರ್ಷದ ಎಷ್ಟನೇ ಉಡಾವಣೆ, ಕೊನೆಗೆ ಒಂದು ಅಕ್ಷರ. ಸಲ್ಯೂತ್-1ಕ್ಕೆ 1971-032ಎ, ಸ್ಕೈಲ್ಯಾಬ್‌ಗೆ 1973-027ಎ, ಮಿರ್‌ಗೆ 1986-017ಎ, ಐಎಸ್‌ಎಸ್‌ಗೆ 1998-067ಎ. ಐಎಸ್‌ಎಸ್‌ನ ಸಂಖ್ಯೆ ನಿಜಕ್ಕೂ ಅದರ ಮೊದಲ ಘಟಕ ಜರ್ಯಾದ್ದು. ಯೂನಿಟಿ ಘಟಕಕ್ಕೆ ಬೇರೆಯೇ ಸಂಖ್ಯೆ ಇದೆ. ಘಟಕಗಳನ್ನು ಮುಖ್ಯ ಪಟ್ಟಿಗೆ ಎಳೆದು ತರದೆ ಎರಡನೇ ಹಾಳೆಯಲ್ಲಿ ಇಟ್ಟುಕೊಳ್ಳಿ. ಮಿರ್ ಒಂದಕ್ಕೇ ಮೂಲ ಘಟಕ ಸೇರಿ ಏಳಿವೆ.

ಕಕ್ಷೆ ಸೇರದ ಡಾಸ್-2ಕ್ಕೆ ಈ ಸಂಖ್ಯೆಯೇ ಇಲ್ಲ, ಇನ್ನೂ ಹಾರದವಕ್ಕೂ ಇಲ್ಲ. ಆದ್ದರಿಂದ ಮೊದಲ ಕಾಲಂನಲ್ಲಿ ನಿಮ್ಮದೇ ಕ್ರಮಸಂಖ್ಯೆ ಇರಲಿ. ಒಮ್ಮೆ ಕೊಟ್ಟದ್ದನ್ನು ಮತ್ತೆ ಬದಲಿಸಬೇಡಿ.

ದಿನಾಂಕ: ಒಂದೇ ಗಡಿಯಾರ

ಮಿರ್ ಹಾರಿದ್ದು ಫೆಬ್ರುವರಿ 19ಕ್ಕೋ 20ಕ್ಕೋ? ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ 1986ರ ಫೆಬ್ರುವರಿ 19, ರಾತ್ರಿ 9.28. ಮಾಸ್ಕೊದಲ್ಲಿ ಆಗಲೇ 20ರ 00.28. ಮೈಸೂರಿನಲ್ಲಿ 20ರ ನಸುಕಿನ 2.58. ಮಿರ್ ಸಾಗರಕ್ಕೆ ಬಿದ್ದದ್ದು 2001ರ ಮಾರ್ಚ್ 23ರಂದು. 19ರಿಂದ ಎಣಿಸಿದರೆ ಅದರ ಆಯುಷ್ಯ 5,511 ದಿನ, 20ರಿಂದ ಎಣಿಸಿದರೆ 5,510. ಸ್ಕೈಲ್ಯಾಬ್ ಕೂಡ ಯುಟಿಸಿಯಲ್ಲಿ 1979ರ ಜುಲೈ 11ರಂದು ಬಿದ್ದರೂ ಚೂರುಗಳು ಉದುರಿದ ಪಶ್ಚಿಮ ಆಸ್ಟ್ರೇಲಿಯಾದಲ್ಲಿ 12ನೇ ತಾರೀಕು ಹುಟ್ಟಿತ್ತು. ಎಲ್ಲ ಸಾಲಿಗೂ ಯುಟಿಸಿ ಹಾಕಿ, ಕಾಲಂನ ತಲೆಯಲ್ಲೇ ಹಾಗೆಂದು ಬರೆಯಿರಿ.

ಎಕ್ಸೆಲ್‌ನದು ಬೇರೆ ಕಾಟ. ಯೂನಿಟಿ ಹಾರಿದ ದಿನವನ್ನು 04/12/1998 ಎಂದು ಹೊಡೆದರೆ, ಅಮೆರಿಕದ ಸೆಟ್ಟಿಂಗ್ ಇರುವ ಕಂಪ್ಯೂಟರ್ ಅದನ್ನು ಏಪ್ರಿಲ್ 12 ಎಂದು ಓದಿ ಸುಮ್ಮನಿರುತ್ತದೆ. ತಪ್ಪು ಕಣ್ಣಿಗೂ ಬೀಳುವುದಿಲ್ಲ. 1998-12-04 ಎಂದು ವರ್ಷ ಮೊದಲು ಬರುವಂತೆ ಬರೆದರೆ ಈ ಗೊಂದಲವಿಲ್ಲ. ದಿನಗಳ ಲೆಕ್ಕ ಕೈಯಲ್ಲಿ ಹಾಕದೆ, ಬಿದ್ದ ದಿನದಲ್ಲಿ ಹಾರಿದ ದಿನ ಕಳೆಯುವ ಸೂತ್ರ ಕೊಡಿ. ಸರಿಯಾಗಿದೆಯೇ ಎಂದು ನೋಡಲು ಎರಡು ಉತ್ತರಗಳು: ಸಲ್ಯೂತ್-1 (1971-04-19ರಿಂದ 1971-10-11) 175 ಬರಬೇಕು, ಸ್ಕೈಲ್ಯಾಬ್ (1973-05-14ರಿಂದ 1979-07-11) 2,249. ಈಗಲೂ ಸುತ್ತುತ್ತಿರುವವಕ್ಕೆ ಬಿದ್ದ ದಿನ ಖಾಲಿ ಇರುತ್ತದೆ. ಎಕ್ಸೆಲ್ ಖಾಲಿಯನ್ನು ಸೊನ್ನೆ ಎಂದುಕೊಂಡು ಮೈನಸ್ ಉತ್ತರ ಕೊಡುತ್ತದೆ, ಅಲ್ಲಿ ‘ಇಂದಿನ ದಿನ’ದ ಸೂತ್ರ ಹಾಕಿ.

ಅಂಕಿಗಳು 1, 2, 3 ಆಗಿರಲಿ. ೧, ೨, ೩ ಎಂದು ಹೊಡೆದರೆ ನೋಡಲು ಚೆಂದ, ಕೂಡಿ ಕಳೆಯಲು ಬರುವುದಿಲ್ಲ. ಹೆಸರುಗಳನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಮಾಡಿದರೆ ಮುಂದೆ ‘ಮಿರ್’ ಎಂದು ಹುಡುಕಿದಾಗ ಏನೂ ಸಿಗದು.

ತೂಕ ಮತ್ತು ಜಾಗ

ಮಂಡ್ಯದ ಕಡೆ ಕಬ್ಬಿನ ಲಾರಿಯನ್ನು ವೇಬ್ರಿಡ್ಜ್ ಮೇಲೆ ಎರಡು ಸಲ ನಿಲ್ಲಿಸುತ್ತಾರೆ, ತುಂಬಿದಾಗ ಒಮ್ಮೆ, ಖಾಲಿಯಾದಾಗ ಒಮ್ಮೆ. ನಿಲ್ದಾಣದ ತೂಕಕ್ಕೂ ಅದೇ ಎಚ್ಚರ ಬೇಕು. ಸ್ಕೈಲ್ಯಾಬ್ ಸುಮಾರು 77 ಟನ್. ಜೋಡಿಸಿಕೊಂಡಿದ್ದ ಅಪೊಲೊ ನೌಕೆಯನ್ನೂ ಸೇರಿಸಿದರೆ 90 ದಾಟುತ್ತದೆ. ಎರಡೂ ಅಂಕಿ ಪುಸ್ತಕಗಳಲ್ಲಿವೆ. ಬಂದುಹೋಗುವ ನೌಕೆಗಳನ್ನು ಬಿಟ್ಟ ತೂಕವನ್ನೇ ಹಿಡಿಯಿರಿ. ಅಮೆರಿಕದ ಮೂಲಗಳಲ್ಲಿ ಪೌಂಡ್ ಇರುತ್ತದೆ: ಐಎಸ್‌ಎಸ್‌ನ 9,25,335 ಪೌಂಡ್ ಎಂದರೆ ಸುಮಾರು 420 ಟನ್. 0.4536ರಿಂದ ಗುಣಿಸಿದರೆ ಕಿಲೊ.

ಜಾಗದ ಅಂಕಿ ಇನ್ನೂ ಮೋಸದ್ದು. ಐಎಸ್‌ಎಸ್ ಒಳಗೆ ಗಾಳಿ ತುಂಬಿದ ಜಾಗ 1,005 ಘನ ಮೀಟರ್. ಯಂತ್ರ, ಕಪಾಟು ಬಿಟ್ಟು ಜನ ಓಡಾಡುವ ಜಾಗ 388. ಕುವೆಂಪುನಗರದಲ್ಲಿ ಫ್ಲ್ಯಾಟ್ ನೋಡಿದವರಿಗೆ ಬಿಲ್ಟ್‌ಅಪ್‌ಗೂ ಕಾರ್ಪೆಟ್ ಏರಿಯಾಗೂ ಇರುವ ಅಂತರ ಗೊತ್ತೇ ಇರುತ್ತದೆ. ಒಂದರದು ಈ ಅಳತೆ, ಇನ್ನೊಂದರದು ಆ ಅಳತೆ ಹಾಕಿ ಹೋಲಿಸಿದರೆ ಚಾರ್ಟ್ ಕೆಟ್ಟಂತೆ.

ಹೋಗಿಬಂದವರು

ಜನರನ್ನು ಕರೆದೊಯ್ಯುವ ಸೋವಿಯತ್ ನೌಕೆ ಸೋಯುಜ್-10 ಸಲ್ಯೂತ್-1ಕ್ಕೆ ತಾಗಿಕೊಂಡರೂ ಗಟ್ಟಿಯಾಗಿ ಜೋಡಣೆಯಾಗದೆ, ಒಳಗೆ ಹೋಗದೆಯೇ ವಾಪಸಾಯಿತು. ಸೋಯುಜ್-11ರ ಮೂವರು ಮೂರು ವಾರ ಒಳಗಿದ್ದು, ಮರಳುವ ದಾರಿಯಲ್ಲಿ ನೌಕೆಯ ಗಾಳಿ ಸೋರಿ ತೀರಿಕೊಂಡರು. ‘ತಲುಪಿದ ತಂಡ’ ಮತ್ತು ‘ಒಳಹೊಕ್ಕ ತಂಡ’ ಬೇರೆ ಕಾಲಂ ಆಗಬೇಕಾದದ್ದು ಇಂಥವಕ್ಕಾಗಿ. 1986ರಲ್ಲಿ ಸೋಯುಜ್ ಟಿ-15ರ ಇಬ್ಬರು ಮಿರ್‌ನಿಂದ ಸಲ್ಯೂತ್-7ಕ್ಕೆ ಹೋಗಿ ಮತ್ತೆ ಮಿರ್‌ಗೆ ಬಂದರು. ಅವರ ಹೆಸರು ಎರಡೂ ಸಾಲಿನಲ್ಲಿ ಬರುತ್ತದೆ.

ಭಾರತದ ಕಾಲಂ ಚಿಕ್ಕದು. ರಾಕೇಶ್ ಶರ್ಮಾ, 1984ರ ಏಪ್ರಿಲ್, ಸಲ್ಯೂತ್-7. ಅವರ ಊಟದ ಪೊಟ್ಟಣ ಹೋದದ್ದು ನಮ್ಮ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ ಡಿಎಫ್‌ಆರ್‌ಎಲ್‌ನಿಂದ. ಶುಭಾಂಶು ಶುಕ್ಲಾ, ಐಎಸ್‌ಎಸ್, 2025ರ ಜೂನ್ 26ರಿಂದ ಜುಲೈ 14. ಕಲ್ಪನಾ ಚಾವ್ಲಾ ಹೆಸರನ್ನು ಇಲ್ಲಿ ಸೇರಿಸುವ ತಪ್ಪು ಮಕ್ಕಳ ಚಾರ್ಟ್‌ಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಅವರ ಎರಡೂ ಯಾನ ಷಟಲ್‌ನಲ್ಲೇ ಮುಗಿದವು, ಯಾವ ನಿಲ್ದಾಣಕ್ಕೂ ಹೋಗಿರಲಿಲ್ಲ.

ಸ್ಥಿತಿ: ಏಳು ಪದ ಸಾಕು

ಕಕ್ಷೆಯಲ್ಲಿದೆ; ಇಳಿಸಿದರು; ತಾನೇ ಬಿತ್ತು; ಕಕ್ಷೆ ಸೇರಲಿಲ್ಲ; ಮಂಜೂರಾಗಿದೆ; ಘೋಷಣೆ ಮಾತ್ರ; ಕೈಬಿಟ್ಟರು. ಇವನ್ನು ಬಿಟ್ಟು ಬೇರೆ ಪದ ಬಳಸದಿದ್ದರೆ ಸೋಸುವುದು ಸುಲಭ. ‘ಇಳಿಸಿದರು’ ಎಂಬುದಕ್ಕೆ ಮಿರ್, ಟಿಯಾಂಗಾಂಗ್-2 ಉದಾಹರಣೆ. ‘ತಾನೇ ಬಿತ್ತು’ ಎಂಬುದಕ್ಕೆ ಸ್ಕೈಲ್ಯಾಬ್, ಸಲ್ಯೂತ್-7 (1991), ಟಿಯಾಂಗಾಂಗ್-1 (2018). ಸೂರ್ಯನ ಚಟುವಟಿಕೆ ಏರಿದಾಗ ಮೇಲಿನ ವಾತಾವರಣ ಬಿಸಿಯಾಗಿ ಉಬ್ಬುತ್ತದೆ, ತಡೆ ಹೆಚ್ಚಿ ನಿಲ್ದಾಣ ಲೆಕ್ಕಕ್ಕಿಂತ ಮೊದಲೇ ಕುಸಿಯುತ್ತದೆ. ಸ್ಕೈಲ್ಯಾಬ್‌ಗೆ ಆದದ್ದು ಅದೇ. ಮನೆಯ ಹಿರಿಯರನ್ನು ಕೇಳಿ, ಆ ಜುಲೈನ ಭಯ ಅವರಿಗೆ ನೆನಪಿರುತ್ತದೆ.

ಮುಂದಿನವುಗಳ ಸಾಲು ತುಂಬುವಾಗ ‘ನೋಡಿದ ದಿನ’ ಎಂಬ ಕಾಲಂ ಇಲ್ಲದಿದ್ದರೆ ಪಟ್ಟಿ ಆರು ತಿಂಗಳಿಗೇ ಹಳಸುತ್ತದೆ. ಅಮೆರಿಕದ ಖಾಸಗಿ ನಿಲ್ದಾಣ ಹೇವನ್-1ರ ಗುರಿ 2025ರ ಆಗಸ್ಟ್ ಎಂದಿದ್ದದ್ದು 2026ರ ಮೇಗೆ ಜಾರಿತು. ಚಂದ್ರನ ಸುತ್ತ ಇಡಬೇಕೆಂದಿದ್ದ ಗೇಟ್‌ವೇಯನ್ನು ನಿಲ್ಲಿಸಬೇಕೆಂದು 2025ರ ಮೇ ತಿಂಗಳ ಅಮೆರಿಕದ ಬಜೆಟ್ ಪ್ರಸ್ತಾವ ಹೇಳಿತು, ಜುಲೈನ ಕಾಯ್ದೆ ಅದಕ್ಕೇ ಹಣ ಕೊಟ್ಟಿತು. ಹೊಸ ದಿನಾಂಕ ಬಂದಾಗ ಹಳೆಯದನ್ನು ಅಳಿಸದೆ ಪಕ್ಕದ ಕಾಲಂನಲ್ಲಿ ಬರೆಯಿರಿ, ಜಾರುತ್ತ ಬಂದದ್ದೂ ಮಾಹಿತಿಯೇ. ಖಾಸಗಿ ಕಂಪನಿಗಳ ಆಕ್ಸಿಯಮ್, ಸ್ಟಾರ್‌ಲ್ಯಾಬ್, ಆರ್ಬಿಟಲ್ ರೀಫ್, ರಷ್ಯಾದ ಸ್ವಂತ ನಿಲ್ದಾಣ ಎಲ್ಲಕ್ಕೂ ಇದೇ ಕ್ರಮ.

ನಮ್ಮ ಭಾರತೀಯ ಅಂತರಿಕ್ಷ ನಿಲ್ದಾಣವನ್ನು ಎರಡು ಸಾಲು ಮಾಡುವುದು ಒಳ್ಳೆಯದು. ಮೊದಲ ಘಟಕ ಬಿಎಎಸ್-1ಕ್ಕೆ ಕೇಂದ್ರ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿದೆ, ಗುರಿ 2028, ಇದು ‘ಮಂಜೂರಾಗಿದೆ’. ಐದು ಘಟಕಗಳ ಪೂರ್ಣ ನಿಲ್ದಾಣದ ಗುರಿ 2035. ಅದನ್ನು ‘ಘೋಷಣೆ’ಯಲ್ಲೇ ಇಡಿ. ಅಭಿಮಾನಕ್ಕೆ ಬೇರೆ ಕಾಲಂ ಇಲ್ಲ.

ಮೇಲೆ ನೋಡಿ, ಟಿಕ್ ಹಾಕಿ

ಮುಖ್ಯ ಗುಂಪಿನಲ್ಲಿ ‘ಕಕ್ಷೆಯಲ್ಲಿದೆ’ ಎಂಬ ಎರಡೂ ಸಾಲನ್ನು ತಾರಸಿಯಿಂದಲೇ ತಾಳೆ ನೋಡಬಹುದು. ಐಎಸ್‌ಎಸ್ ಕಕ್ಷೆಯ ಓರೆ 51.6 ಡಿಗ್ರಿ, ಟಿಯಾಂಗಾಂಗ್‌ದು 41.5. ಮೈಸೂರು ಇರುವುದು 12.3 ಡಿಗ್ರಿ ಉತ್ತರದಲ್ಲಿ. ಓರೆ ಎಷ್ಟು ಡಿಗ್ರಿಯೋ ಅಷ್ಟು ಅಕ್ಷಾಂಶದವರೆಗೆ ನಿಲ್ದಾಣ ಉತ್ತರ-ದಕ್ಷಿಣಕ್ಕೆ ಹೋಗುತ್ತದೆ, ಹಾಗಾಗಿ ಎರಡೂ ನಮ್ಮ ನೆತ್ತಿಯ ಮೇಲೆ ಹಾಯುತ್ತವೆ. ಕತ್ತಲಾದ ಒಂದು ಗಂಟೆಯೊಳಗೆ, ಇಲ್ಲವೇ ಬೆಳಗಾಗುವ ಮುನ್ನ ನೋಡಿ: ನೆಲ ಕತ್ತಲಲ್ಲಿದ್ದು, ಅಷ್ಟೆತ್ತರದಲ್ಲಿ ಬಿಸಿಲು ಇನ್ನೂ ಇರುವ ಹೊತ್ತು ಅದು. ಮಿನುಗದೆ, ಕೆಂಪು ದೀಪವಿಲ್ಲದೆ ಒಂದೇ ಸಮನೆ ಸಾಗುವ ಚುಕ್ಕೆ. ಮಿನುಗಿದರೆ ಅದು ವಿಮಾನ.

ಮುದ್ರಿಸುವಾಗ ಎ3 ಹಾಳೆಯನ್ನು ಅಡ್ಡ ಹಿಡಿದು, ಅಕ್ಷರ 9 ಪಾಯಿಂಟ್‌ಗಿಂತ ಕಡಿಮೆ ಮಾಡಬೇಡಿ. ಕನ್ನಡದ ಒತ್ತಕ್ಷರಗಳು ಜೆರಾಕ್ಸ್‌ನಲ್ಲಿ ಮಸಿಯಾಗಿಬಿಡುತ್ತವೆ. ಮುಗಿದ ನಿಲ್ದಾಣಗಳ ಹಾಳೆಯನ್ನು ಲ್ಯಾಮಿನೇಷನ್ ಮಾಡಿಸಿ. ಈಗಿರುವ ಮತ್ತು ಬರಲಿರುವವುಗಳ ಹಾಳೆಯನ್ನು ಬರಿ ಕಾಗದದಲ್ಲೇ ಪಿನ್ ಹೊಡೆದು, ಪಕ್ಕದಲ್ಲೊಂದು ಪೆನ್ಸಿಲ್ ಕಟ್ಟಿಡಿ.