ಠಾಣೆಗೆ ನಾವೇ ಹೋದೆವು, ದಸ್ತಗಿರಿ ತಪ್ಪಿತು: ನನ್ನ ಅನುಭವ

ಎಫ್‌ಐಆರ್ ದಾಖಲಾದ ಮರುದಿನವೇ ಕಕ್ಷಿದಾರನನ್ನು ಠಾಣೆಗೆ ಕಳುಹಿಸುತ್ತೇನೆ ಎಂದಾಗ ವಕೀಲರ ಸಂಘದಲ್ಲಿ ನಕ್ಕವರೇ ಹೆಚ್ಚು. “ಕಟುಕನ ಮನೆಗೆ ಕುರಿಯನ್ನು ನೀನೇ ಹೊಡೆದುಕೊಂಡು ಹೋಗುತ್ತೀಯೇನಪ್ಪಾ?” ಎಂದು ನನ್ನ ಹಿರಿಯರು ಕೇಳಿದ್ದರು. 2024ರ ಜುಲೈಯಲ್ಲಿ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ನಾಗರಿಕ ಸುರಕ್ಷಾ ಸಂಹಿತೆ ಬಂದ ಮೇಲೆ ಹೆಚ್ಚುಕಡಿಮೆ ಮೂವತ್ತು ಪ್ರಕರಣಗಳಲ್ಲಿ, ಒಂದನ್ನು ಬಿಟ್ಟು, ಹೀಗೇ ಮಾಡಿದ್ದೇನೆ. ದಸ್ತಗಿರಿಯಾದದ್ದು ಎರಡರಲ್ಲಿ ಮಾತ್ರ. ಮೊನ್ನೆ ಅದೇ ಹಿರಿಯರ ಗುಮಾಸ್ತ ನನ್ನ ಪತ್ರದ ನಕಲು ಕೇಳಿಕೊಂಡು ಬಂದಿದ್ದ!

ಎಫ್‌ಐಆರ್ ಕೈಗೆ ಸಿಕ್ಕ ಕೂಡಲೇ ಅರ್ಧ ಹಾಳೆಯಲ್ಲಿ ಕಲಂಗಳನ್ನು ಬರೆದು, ಆ ಸಂಹಿತೆಯ ಮೊದಲನೆಯ ಅನುಸೂಚಿ ನೋಡಿ, ಸಂಜ್ಞೇಯವೋ (ಅಂದರೆ ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದಾದದ್ದೋ) ಅಲ್ಲವೋ, ಜಾಮೀನು ಉಂಟೋ ಇಲ್ಲವೋ, ಗರಿಷ್ಠ ಶಿಕ್ಷೆ ಎಷ್ಟು ಎಂದು ಗುರುತು ಹಾಕುತ್ತೇನೆ. ಶಿಕ್ಷೆ ಏಳು ವರ್ಷ ಮೀರದಿದ್ದರೆ ಕಕ್ಷಿದಾರನ ಕೈಯಲ್ಲಿ ಒಂದು ಪತ್ರ: ವಿಳಾಸ ಇದು, ದಸ್ತಗಿರಿಯ ಬದಲು ಹಾಜರಾಗಲು ಹೇಳುವ ಕಲಂ 35(3)ರ ನೋಟಿಸ್ ಕೊಡಿ, ಕರೆದಾಗ ಬರುತ್ತೇನೆ. ಜೊತೆಗೆ, ಇಂಥ ಪ್ರಕರಣಗಳಲ್ಲಿ ತಕ್ಕ ಕಾರಣವಿಲ್ಲದೆ ದಸ್ತಗಿರಿ ಕೂಡದೆಂದ ಸುಪ್ರೀಂ ಕೋರ್ಟಿನ 2014ರ ಅರ್ನೇಶ್ ಕುಮಾರ್ ತೀರ್ಪಿನ ಬಗ್ಗೆ ಎರಡು ಸಾಲು. ಠಾಣೆಯ ಮೊಹರು ಬೀಳಲೇಬೇಕು. ಪತ್ರದ ಕೊನೆಯ ಪ್ಯಾರಾ ಮಾತ್ರ ನನ್ನ ಗುಟ್ಟು. ನಮ್ಮ ತಾಲ್ಲೂಕಿನಲ್ಲಿ ಪೈಪೋಟಿ ಈಗಲೇ ಸಾಕಷ್ಟಿದೆ.

ದಸ್ತಗಿರಿಯಾದ ಆ ಎರಡರಲ್ಲಿ ಮೊದಲನೆಯದರಲ್ಲಿ ನಾನೇ ಮುಗ್ಗರಿಸಿದೆ. ಹೊಡೆತ, ಬೈಗುಳ, ಬೆದರಿಕೆ: ಐಪಿಸಿಯ ಜಾಗಕ್ಕೆ ಬಂದ ನ್ಯಾಯ ಸಂಹಿತೆಯ 115(2), 352, 351(2). ಎಲ್ಲವೂ ಅಸಂಜ್ಞೇಯ, ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ಮುಟ್ಟುವಂತಿಲ್ಲ ಎಂದು ಕಕ್ಷಿದಾರನಿಗೆ ಧೈರ್ಯ ಹೇಳಿ, ಪತ್ರವನ್ನೂ ಕೊಡಿಸದೆ ಮನೆಯಲ್ಲಿ ಕೂರಿಸಿದೆ. ಸಾಲಿನ ಕೊನೆಯಲ್ಲಿದ್ದ 126(2), ಅಂದರೆ ದಾರಿ ಅಡ್ಡಗಟ್ಟಿದ್ದು, ಕಣ್ಣಿಗೆ ಬಿದ್ದಿರಲಿಲ್ಲ. ಒಂದು ಕಲಂ ಸಂಜ್ಞೇಯವಾದರೂ ಸುರಕ್ಷಾ ಸಂಹಿತೆಯ 174(4)ರಂತೆ ಇಡೀ ಪ್ರಕರಣ ಸಂಜ್ಞೇಯವೇ. ಸಂಜೆ ಕರೆದೊಯ್ದರು. ಠಾಣೆಯಲ್ಲೇ ಜಾಮೀನು ಸಿಕ್ಕಿತು, ಆದರೆ ಜಾಮೀನುದಾರನನ್ನು ಹುಡುಕುವಷ್ಟರಲ್ಲಿ ರಾತ್ರಿ ಹತ್ತು ಗಂಟೆ. ಪಡೆದಿದ್ದ ಎರಡು ಸಾವಿರವನ್ನು ಹಿಂದಿರುಗಿಸಿದೆ.

ಎರಡನೆಯ ದಸ್ತಗಿರಿಯ ತಪ್ಪು ನನ್ನದಲ್ಲ. ತನಿಖಾಧಿಕಾರಿ ನೋಟಿಸನ್ನು ವಾಟ್ಸಾಪ್‌ನಲ್ಲಿ ಕಳುಹಿಸಿ, ಬರಲಿಲ್ಲವೆಂದು ಹಿಡಿದರು. ಹಾಗೆ ಕಳುಹಿಸಬಾರದೆಂಬ ಸುಪ್ರೀಂ ಕೋರ್ಟಿನ 2025ರ ಜನವರಿಯ ಆದೇಶ ನನ್ನ ಚೀಲದಲ್ಲೇ ಇತ್ತು. ರಿಮಾಂಡಿಗೆ ಹಾಜರುಪಡಿಸಿದ ದಿನವೇ ಬಿಡುಗಡೆಯಾಯಿತು.

ಇನ್ನೊಂದು ಪೆಟ್ಟು ಸುರಕ್ಷಾ ಸಂಹಿತೆಯ 35(7)ರದ್ದು. ಅರವತ್ತು ದಾಟಿದವರನ್ನು ಡಿವೈಎಸ್ಪಿ ಅನುಮತಿಯಿಲ್ಲದೆ ದಸ್ತಗಿರಿ ಮಾಡುವಂತಿಲ್ಲವಲ್ಲ ಎಂದು, ನ್ಯಾಯ ಸಂಹಿತೆಯ ಕಲಂ 85ರ, ಅಂದರೆ ಗಂಡನ ಮನೆಯವರ ಕ್ರೌರ್ಯದ, ಪ್ರಕರಣದಲ್ಲಿದ್ದ ಅರವತ್ತೈದರ ಅತ್ತೆಗೆ ಅದನ್ನೇ ನೆಚ್ಚಿ ಪತ್ರ ಬರೆದೆ. ಆ ರಕ್ಷಣೆ ಇರುವುದು ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಿಗೆ. ಕಲಂ 85ಕ್ಕೆ ಮೂರು ವರ್ಷದವರೆಗೆ ಶಿಕ್ಷೆ. ಠಾಣೆಯ ಬರಹಗಾರರೇ ಅದನ್ನು ತೋರಿಸಿಕೊಟ್ಟಾಗ ನಾಚಿಕೆಯಾಯಿತು. ಕೊನೆಗೆ 35(3)ರ ನೋಟಿಸೇ ಆ ತಾಯಿಯನ್ನು ಕಾಪಾಡಿತು.

ಹಣದ ಮಾತು. ದಸ್ತಗಿರಿಗೆ ಮೊದಲೇ ಕೋರ್ಟಿನಿಂದ ಪಡೆಯುವ ನಿರೀಕ್ಷಣಾ ಜಾಮೀನಿಗೆ ನಮ್ಮ ಕಡೆ ಇಪ್ಪತ್ತೈದರಿಂದ ನಲವತ್ತು ಸಾವಿರ ನಡೆಯುತ್ತದೆ. ನಾನು ಪತ್ರಕ್ಕೆ ಆರು ಸಾವಿರ ಪಡೆಯುತ್ತೇನೆ. ಮೊದಲ ಆರು ತಿಂಗಳು ಕಚೇರಿಯ ಬಾಡಿಗೆಗೂ ತತ್ವಾರ. ಈಗ ಅದೇ ಜನ ವಿಚಾರಣೆಗೂ ನನ್ನನ್ನೇ ಇಟ್ಟುಕೊಳ್ಳುತ್ತಿದ್ದಾರೆ.

ಎಫ್‌ಐಆರ್‌ಗೂ ಮೊದಲೇ 173(3)ರ ಹದಿನಾಲ್ಕು ದಿನಗಳ ಪ್ರಾಥಮಿಕ ವಿಚಾರಣೆ ಕೇಳಿ ನೋಡುತ್ತಿದ್ದೇನೆ. ಮೂರು ಅರ್ಜಿಗಳಲ್ಲಿ ಒಂದಕ್ಕೆ ಡಿವೈಎಸ್ಪಿ ಒಪ್ಪಿದರು. ನಾಲ್ಕನೆಯದು ಸೋಮವಾರ ಹೋಗಲಿದೆ.