ಹೆಬ್ಬೆಟ್ಟಿಗೆ ಮೊದಲು: ಆರೋಗ್ಯ ಸಂಶೋಧನೆಗೆ ಸಮ್ಮತಿ ಪಡೆಯುವುದು ಹೇಗೆ?

ನಾಲ್ಕು ಪುಟದ ಸಮ್ಮತಿ ಪತ್ರವನ್ನು ಗಡಗಡನೆ ಓದಿ ಮುಗಿಸಿ, "ಇಲ್ಲೊಂದು ಸೈನ್ ಮಾಡಿ ಅಮ್ಮ" ಎನ್ನುವ ಕ್ಷೇತ್ರ ಕಾರ್ಯಕರ್ತರನ್ನು ನಾನು ಸಾಕಷ್ಟು ಕಂಡಿದ್ದೇನೆ. ದೊಡ್ಡ ಸಂಸ್ಥೆಗಳೂ ಇಲ್ಲಿ ಎಡವಿವೆ. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಅಮೆರಿಕದ ಪಾಥ್ ಎಂಬ ಆರೋಗ್ಯ ಸಂಸ್ಥೆಯು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಹಯೋಗದೊಂದಿಗೆ 10ರಿಂದ 14 ವರ್ಷದ ಬಾಲಕಿಯರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿಸಿದಾಗ, ಎಷ್ಟೋ ಪತ್ರಗಳಿಗೆ ತಂದೆತಾಯಿಯ ಬದಲು ಹಾಸ್ಟೆಲ್ ವಾರ್ಡನ್‌ಗಳೇ ಸಹಿ ಹಾಕಿದ್ದರು. 2010ರಲ್ಲಿ ಯೋಜನೆ ನಿಂತಿತು. 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಅದನ್ನು ಕಟುವಾಗಿ ಟೀಕಿಸಿತು.

ಮೊದಲ ಹಂತ, ಸಂಶೋಧನೆಯ ನೈತಿಕತೆಯನ್ನು ಪರಿಶೀಲಿಸುವ ನೈತಿಕ ಸಮಿತಿಯ ಒಪ್ಪಿಗೆ. ಔಷಧ ಪ್ರಯೋಗವಾದರೆ ದೇಶದ ಔಷಧ ಪ್ರಯೋಗಗಳ ದಾಖಲೆಪಟ್ಟಿಯಾದ ಸಿಟಿಆರ್‌ಐನಲ್ಲಿ ನೋಂದಣಿಯೂ ಮುಗಿದಿರಬೇಕು.

ಎರಡನೆಯದು, ಪತ್ರದ ಭಾಷೆ. ಕಂಪ್ಯೂಟರ್ ಅನುವಾದವನ್ನು ಹಾಗೆಯೇ ಮುದ್ರಿಸಬೇಡಿ. ನನ್ನ ಕೈಗೆ ಬಂದ ಅಂಥದ್ದೊಂದು ಪತ್ರದಲ್ಲಿ ಔಷಧ ಪ್ರಯೋಗವು (ಟ್ರಯಲ್) 'ವಿಚಾರಣೆ'ಯಾಗಿತ್ತು, ಗುಂಪು (ಆರ್ಮ್) 'ಅಧ್ಯಯನದ ತೋಳು' ಆಗಿತ್ತು. ವಿಚಾರಣೆ ಎಂದ ಕೂಡಲೇ ಹಳ್ಳಿಯವರಿಗೆ ಕೋರ್ಟು ನೆನಪಾಗುವುದು ಸಹಜ. ಕರಡನ್ನು ಆ ಊರಿನ ಇಬ್ಬರು ಹೆಂಗಸರಿಗೆ ಓದಿಸಿ, ಅವರು ತಡವರಿಸಿದಲ್ಲೆಲ್ಲ ಪದ ಬದಲಿಸಿ.

ಮೂರನೆಯದೇ ನಿಜವಾದ ಕೆಲಸ: ಅರ್ಥವಾಗಿದೆಯೇ ಎಂದು ತಿಳಿಯುವುದು. ಇದಕ್ಕೆ ಒಬ್ಬೊಬ್ಬರಿಗೂ ಅರ್ಧ ಗಂಟೆ ಮೀಸಲಿಡಿ. "ಅರ್ಥವಾಯಿತೇ?" ಎಂಬ ಪ್ರಶ್ನೆಗೆ "ಹ್ಞೂಂ" ಬಿಟ್ಟು ಬೇರೆ ಉತ್ತರ ಬರುವುದಿಲ್ಲ. ಅದರ ಬದಲು, "ಸಂಜೆ ಮನೆಯವರು ಬಂದು ಇವರು ಯಾಕೆ ಬಂದಿದ್ದರು ಎಂದು ಕೇಳಿದರೆ ಏನು ಹೇಳುತ್ತೀರಿ?" ಎಂದು ಕೇಳಿ. ಒಮ್ಮೆ ಒಬ್ಬ ತಾಯಿ, "ಬಿಪಿ ಮಾತ್ರೆ ಕೊಡೋಕೆ ಬಂದಿದ್ರು ಅಂತೀನಿ" ಎಂದರು. ಅಧ್ಯಯನದಲ್ಲಿ ಮಾತ್ರೆಯೇ ಇರಲಿಲ್ಲ, ನಾವು ಮೊದಲಿನಿಂದ ಶುರುಮಾಡಬೇಕಾಯಿತು. ರಕ್ತ 5 ಮಿ.ಲೀ. ಎಂದರೆ ಯಾರಿಗೂ ಅಂದಾಜಾಗದು. ಟೀ ಚಮಚವನ್ನೇ ಕೈಯಲ್ಲಿಟ್ಟು ತೋರಿಸಿ. ಯಾರಿಗೆ ಹೊಸ ಔಷಧ, ಯಾರಿಗೆ ಹಳೆಯದು ಎಂದು ಯಾರೂ ಆರಿಸದೆ ಹಂಚುವುದನ್ನು 'ಲಾಟರಿ' ಎಂದು ವಿವರಿಸಬೇಡಿ, ಬಹುಮಾನವೆಂದು ತಿಳಿಯುತ್ತಾರೆ. ಮಕ್ಕಳು ಆಟಕ್ಕೆ ಗುಂಪು ಮಾಡಲು ನಾಣ್ಯ ಚಿಮ್ಮಿಸುವುದನ್ನು ನೆನಪಿಸಿದರೆ ಸಾಕು. "ಬೇಡ ಎಂದರೆ ರೇಷನ್ ಕಾರ್ಡ್ ತೆಗೆಯುತ್ತಾರಾ?" ಎಂಬ ಭಯ ಬಾಯಿಗೆ ಬರದಿದ್ದರೂ ಮನಸ್ಸಿನಲ್ಲಿರುತ್ತದೆ, ಆದ್ದರಿಂದ ಕೇಳದಿದ್ದರೂ ಅದಕ್ಕೆ ಉತ್ತರ ಹೇಳಿ. ಆಶಾ ಕಾರ್ಯಕರ್ತೆ ಪರಿಚಯ ಮಾಡಿಸಿದ ಮೇಲೆ ಹೊರಗೆ ಕುಳಿತರೆ ಒಳ್ಳೆಯದು. ಹೆರಿಗೆಗೆ ಜೊತೆ ಬಂದವಳ ಎದುರು 'ಇಲ್ಲ' ಎನ್ನಲು ಯಾರಿಗೂ ನಾಲಿಗೆ ಏಳುವುದಿಲ್ಲ. ಅಂದೇ ಸಹಿ ಹಾಕಿಸುವುದು ನನಗೆ ಸರಿ ಕಾಣುವುದಿಲ್ಲ, ಮರುದಿನ ಹೋಗಿ.

ನಂತರ ಸಹಿ. ಓದು ಬಾರದವರು ಹೆಬ್ಬೆಟ್ಟು ಒತ್ತುವುದಾದರೆ, ತಂಡಕ್ಕೆ ಸೇರದ ಸಾಕ್ಷಿಯೊಬ್ಬರು ವಿವರಣೆಯ ಆರಂಭದಿಂದಲೇ ಕುಳಿತಿರಬೇಕು. ಕೊನೆಯಲ್ಲಿ ದಾರಿಹೋಕರನ್ನು ಕರೆದು ಸಹಿ ಹಾಕಿಸುವ ಅಡ್ಡದಾರಿ ಬೇಡ. ಮಕ್ಕಳ ವಿಷಯದಲ್ಲಿ ಪೋಷಕರ ಸಹಿಯಷ್ಟೇ ಸಾಲದು: ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ 7ರಿಂದ 12 ವರ್ಷದವರ ಒಪ್ಪಿಗೆಯನ್ನು ಮಾತಿನಲ್ಲಿ, ಅದಕ್ಕಿಂತ ದೊಡ್ಡವರದನ್ನು ಬರಹದಲ್ಲಿ ಪಡೆಯಬೇಕು.

ಪತ್ರದ ಒಂದು ಪ್ರತಿ ಅವರಿಗೇ ಸೇರಬೇಕು. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟರೆ ಆಧಾರ್, ತಾಯಿ ಕಾರ್ಡುಗಳ ಜೊತೆ ಟ್ರಂಕಿನಲ್ಲಿ ಉಳಿಯುತ್ತದೆ. ಸಂಶೋಧನಾ ತಂಡದ ಫೋನ್ ನಂಬರನ್ನು ಮಾತ್ರ ಹಾಳೆಯ ತಲೆಯಲ್ಲಿ ದಪ್ಪಕ್ಷರದಲ್ಲಿ ಬರೆದು, ಕೊಡುವ ಮೊದಲು ನೀವೇ ಒಮ್ಮೆ ಕರೆ ಮಾಡಿ ನೋಡಿ.